ಹಲಗೆಯ ಮೇಲೊಂದು ಸಿಗಡಿ

ನಾನು ದೋಣಿಗೆ ಹೆಸರು ಬರೆಯುವವಳು.
ಬೆಂಗ್ರೆಯ ಮರಳಲ್ಲಿ ಮಗುಚಿಟ್ಟ ಹೊಟ್ಟೆಗಳ ಮೇಲೆ
ಮತ್ಸ್ಯಜ್ಯೋತಿ, ಸಂತ ಅಂತೋನಿ, ಅಲ್ ಬದರ್.
ಅಕ್ಷರಕ್ಕೆ ಇಷ್ಟು, ಹೂವಿಗೆ ಇಷ್ಟು,
ಕಣ್ಣು ಬರೆದರೆ ಕಾಸಿಲ್ಲ.

ಮೋನಪ್ಪಾಚಾರಿ ಕರೆದದ್ದು ಜೆಪ್ಪಿನ ಶೆಡ್ಡಿಗೆ.
ಅಲ್ಲಿ ಉದ್ದಕ್ಕೆ ಮಲಗಿತ್ತು,
ಒಂದು ಬದಿ ನೆಟ್ಟಗೆ, ಇನ್ನೊಂದು ಬದಿ ಸೊಂಟ ಬಳುಕಿಸಿ.
"ಹಾರ್ಪ್ಸಿಕಾರ್ಡ್," ಎಂದ,
"ನೀರಿಗಿಳಿಸುವುದಕ್ಕಲ್ಲ ಮಾರಾಯ್ತಿ."

ಗೋಡೆಗೆ ನಕ್ಷೆ. ಆಂಟ್ವರ್ಪಿನ ಯಾವನೋ ಬಡಗಿ
ನಾನೂರು ವರ್ಷದ ಹಿಂದೆ ಮಾಡಿದ್ದರ ಅಳತೆ.
ಹಿಲರಿ ಮಾಸ್ಟ್ರು ಪೆನ್ಶನ್ ಮುರಿದು ತರಿಸಿದ್ದು.
ನಾದದ ಹಲಗೆ ನಡುವೆ ಮೂರು ಮಿಲಿಮೀಟರ್,
ಅಂಚಿಗೆ ಬಂದರೆ ಎರಡೇ.
ಮೀಟಲಿಕ್ಕೆ ಕಾಗೆಯ ಗರಿಯೇ ಆಗಬೇಕಂತೆ.
"ಇದು ನಮ್ಮಪ್ಪನ ತಿಥಿಯಂದು
ಎಡೆ ಮುಟ್ಟಿದವನು ಬಿಟ್ಟುಹೋದದ್ದು,"
ಎಂದು ಒಂದನ್ನು ಬೆಳಕಿಗೆ ಹಿಡಿದ.
ಇಂಥ ಇನ್ನೂ ನಲವತ್ತನಾಲ್ಕು ಬೇಕು.

ನಕ್ಷೆಯಲ್ಲೊಂದು ತಪ್ಪು ತೂತು:
ಬೈರಿಗೆ ಇಳಿಸಿ, ನಾಲಿಗೆ ಕಚ್ಚಿಕೊಂಡು,
ಬೆಣೆ ಹೊಡೆದು ಮುಚ್ಚಿದ ಗುರುತು.
"ಮೂರು ದಿನ ಯೋಚಿಸಿದೆ. ಕೊರೆಯಲಿಲ್ಲ.
ಅವನ ತಪ್ಪು ಅವನಿಗೆ.
ನನ್ನದು ಬೇರೆ ಉಂಟು, ಹುಡುಕು."

ನನ್ನ ಪಾಲಿಗೆ ಬಂದದ್ದು ಹಲಗೆಯ ಚಿತ್ರ.
ಹೆಸರರಿಯದ ಚಳಿಯೂರಿನ ಹೂಗಳು,
ನೀಲಿ ಅಂಚು, ಒಂದು ಪತಂಗ,
ಮತ್ತೆ, ಯಾಕೆಂದು ಮಾಸ್ಟ್ರಿಗೂ ಗೊತ್ತಿಲ್ಲ,
ಒಂದು ಸಿಗಡಿ.
ಫೋಟೋದಲ್ಲಿ ಅದು ಬೆಂದ ಕೆಂಪು.
ಕಾಲು ಎಣಿಸಿದೆ: ಎರಡು ಕಮ್ಮಿ.
ದಕ್ಕೆಯ ಶೆಡ್ಡಿನಲ್ಲಿ ಇಪ್ಪತ್ತು ವರ್ಷ
ಸಿಗಡಿ ಸುಲಿದ ಬೆರಳು ನನ್ನಮ್ಮನದು,
ಮಂಜುಗಡ್ಡೆಗೆ ಉಗುರು ಸತ್ತ ಬೆರಳು.
ನನಗೆ ಹೇಳುತ್ತೀರಾ ಕಾಲೆಷ್ಟೆಂದು?

ಅವನಿಗೂ ಅವಸರವಿತ್ತೇನೋ.
ಬೆಳಕು ಹೋಗುತ್ತಿತ್ತೇನೋ, ಕೂಲಿ ಬಾಕಿಯಿತ್ತೇನೋ.
ಬಹುಶಃ ಅವನು ಕಂಡದ್ದು ತಟ್ಟೆಯಲ್ಲಿ ಮಾತ್ರ.

ಪ್ರತಿ ಎಂದರೆ ಪ್ರತಿ, ಎಂದಿದ್ದರು ಮಾಸ್ಟ್ರು.
ಪತಂಗ ಹಾಗೇ ಇಳಿಸಿದೆ. ಹೂಗಳನ್ನೂ.
ಸಿಗಡಿಯನ್ನು ಮಾತ್ರ ನಾನು ಬೇಯಿಸಲಿಲ್ಲ.
ಬಲೆ ಬಿಡಿಸುವಾಗಿನ ಬೂದು, ಬೆನ್ನಲ್ಲಿ ಹಸಿರು,
ಆಚೆಯ ಮರದ ನಾರು ಕಾಣುವಷ್ಟು ತೆಳುವಾಗಿ.
ಐದು ಜೊತೆ ಕಾಲು. ಕೊನೆಗೆ ಕಣ್ಣು.

ಸಂಜೆ ಮಾಸ್ಟ್ರು ಬಂದರು, ಕನ್ನಡಕ ಒರೆಸಿಕೊಂಡು.
ಪರೀಕ್ಷೆಗೆಂದು ಒಂದೇ ತಂತಿ ಕಟ್ಟಿತ್ತು. ಒತ್ತಿದರು.
ಒಣ ಕಡ್ಡಿ ಮುರಿದ ಸದ್ದು ಮೊದಲು,
ಅದರ ಬೆನ್ನಿಗೆ ಇನ್ನೇನೋ, ಹೋಗಲೊಲ್ಲದ್ದು.
ಬಣ್ಣ ಇನ್ನೂ ಹಸಿ. ಮೀಸೆ ಅಲುಗಿತೋ,
ಅಲುಗಿದ್ದು ನನ್ನ ಕಣ್ಣೋ.

"ಕಾಲು ಎರಡು ಹೆಚ್ಚಾಯಿತು," ಎಂದರು ಮಾಸ್ಟ್ರು.
ಆಚಾರಿ ಕೆಮ್ಮಿದ.
ಅವರು ಇನ್ನೊಮ್ಮೆ ಒತ್ತಿದರು.