ಬಲಗಡೆ ಬಿಟ್ಟು ಕುಂತ್ಕೊ

ಅಲ್ಲಿ ಬ್ಯಾಡ ಕಣಪ್ಪ,
ಬಲಗಡೆ ಬಿಟ್ಟು ಕುಂತ್ಕೊ.
ಅದು ಅವರ ಜಾಗ. ಈಗ ಎದ್ದು ಬತ್ತರೆ.
ಏನೋ ಹೆಸರಂದೆ? ಲಿಖಿತ್ತಾ?
ನೂರಡಿ ರಸ್ತೆ ಅಂಗಡಿಯಿಂದ
ಟೇಪು ಹಿಡ್ಕೊಂಡು ಈ ಬಿಸಿಲಲ್ಲಿ ಬಂದಿದ್ದೀಯ,
ವಸಿ ಮಜ್ಜಿಗೆ ಕುಡಿ. ಆಮ್ಯಾಕೆ ಅಳತೆ ತಗೊ.

ಹಳೇ ಸೋಫಾ ಕೊಟ್ರೆ ಹೊಸದಕ್ಕೆ ಎರಡು ಸಾವಿರ ಕಮ್ಮಿ
ಅಂತ ಮಗಳಿಗೆ ಫೋನಲ್ಲಿ ಹೇಳಿದ್ಯಂತೆ.
ಅವಳು ಹೂಂ ಅಂದವ್ಳೆ. ಮದ್ದೂರಲ್ಲಿ ಕುಂತು
ಹೂಂ ಅನ್ನೋಕೆ ಏನು.
ಇದು ಸೋಫಾ ಅಲ್ವಲ್ಲಪ್ಪ.
ಬಗ್ಗಿ ನೋಡು, ಕಾಲು ಮಾತ್ರ ಆಮೇಲೆ ಹೊಡ್ಸಿದ್ದು.
ಮೇಲಿರೋದು ಲಾರಿ ಸೀಟು.

ಗಾಡಿಯ ಗುಜರಿಗೆ ಹಾಕಿದ ದಿನ
ಟೈರಿಗೆ ಬೆಲೆ ಕಟ್ಟುದ್ರು, ಗೇರ್‌ಬಾಕ್ಸಿಗೆ ಕಟ್ಟುದ್ರು,
ಇವ್ರು ಸುಮ್ನೆ ಬೀಡಿ ಸೇದ್ತಾ ನಿಂತಿದ್ರಂತೆ.
ಕೊನೆಗೆ ಸ್ಪ್ಯಾನರ್ ಈಸ್ಕೊಂಡು
ತಾವೇ ಎರಡು ಸೀಟು ಬಿಚ್ಚಿ
ಆಟೋ ಮ್ಯಾಲೆ ಕಟ್ಟಿ ತಂದ್ರು.
ಒಂದು ಡ್ರೈವರ್‌ದು, ಒಂದು ಕ್ಲೀನರ್ ಬೋರೇಶಂದು.
ಆಚಾರಿ ಕೇಳ್ದ, ನಡುವೆ ಯಾಕೆ ಮೊಳದಷ್ಟು ಸಂದು?
ಇರ್ಲಿ ಮಡಗು, ಅಂದ್ರು.

ಇಪ್ಪತ್ತೊಂಬತ್ತು ವರ್ಷ
ಇಲ್ಲಿಂದ ಬೆಲ್ಲ, ಅಲ್ಲಿಂದ ಟೈಲ್ಸು.
ಆ ಬಾಗಿಲ ತೋರಣದ ಕನ್ನಡಿ ಚೂರು ಭುಜ್‌ದು,
ಸಂಜೆ ಬಿಸಿಲು ಬಿದ್ರೆ ಗೋಡೆ ತುಂಬ
ಜೋಳ ಚೆಲ್ಲಿದಂಗೆ.
ಕಿಟಕಿ ಪರದೆ ಸೂರತ್ತಿನದು, ಒಂದು ಗೇಣು ಗಿಡ್ಡ:
ಅಳತೆ ಕೇಳೋಕೆ ಆಗ ಮನೇಲಿ ಫೋನಿರ್ಲಿಲ್ಲ,
ನೆನಪಿನ ಮ್ಯಾಲೆ ತಂದ್ರು.
ಮನೇನ ಅಷ್ಟು ಚಿಕ್ಕದಾಗಿ ನೆನೆಸ್ಕೊಂಡಿದ್ರಾ ಅಂತ
ಆವತ್ತು ಜಗಳ ಆಡಿದ್ದೆ.

ಎಲ್ಲಾ ಅವರ ಪಯಣ. ನಂದು ಒಂದೇ ಒಂದು.
ಅತ್ತೆಯ ತಿಥಿ ಮುಗಿದ ವಾರ
(ಬ್ಯಾಡ ಅನ್ನೋರು ಯಾರೂ ಉಳಿದಿರ್ಲಿಲ್ಲ ನೋಡು)
ಹತ್ತು ಅಂದ್ರು. ಹತ್ತಿದೆ.
ಅವರು ಈ ಕಡೆ, ಬೋರೇಶ ಆ ಕಡೆ,
ನಡುವೆ ಇಂಜಿನ್ ಡಬ್ಬದ ಮ್ಯಾಲೆ
ಸೊಲ್ಲಾಪುರದ ಚಾದರ ನಾಕು ಮಡಿಕೆ ಮಡಚಿ
ನಾನು.
ಅಬ್ಬಾ ಆ ಕಾವು! ಹುಬ್ಬಳ್ಳಿ ದಾಟೋಗಂಟ ಒದ್ದಾಡಿದೆ,
ಆಮ್ಯಾಕೆ ಒಲೆ ಮುಂದೆ ಕುಂತಂಗಾಗಿ ನಿದ್ದೆ ಬಂತು.
ಖಂಬಾಟ್ಕಿ ಘಾಟಲ್ಲಿ ಬೋರೇಶ ಎಬ್ಬಿಸ್ದ,
ಅಕ್ಕಾ, ನೋಡಿ, ಕೆಳಗೆ ದೀಪ.
ನಿನ್ನ ಪಕ್ಕ ಹಳದಿ ಕಲೆ ಅದೆಯಲ್ಲ,
ನನ್ನ ಹುಳಿಗೊಜ್ಜಿನ ಡಬ್ಬಿ ಆಗ ಉರುಳಿದ್ದು.

ಕೊನೆಗೆ ಕಛ್.
ನಮ್ಮ ಕಡೆ ಭತ್ತ ಒಣಾಕೋ ಹಂಗೆ
ಅಲ್ಲಿ ಉಪ್ಪ ಒಣಾಕಿದ್ರು, ಕಣ್ಣು ಹೋಗೋಗಂಟ.
ಕಾಯೋರೇ ಇಲ್ಲ!
ಕೋಳಿ ಓಡಿಸೋಕೆ ಒಂದು ಮಗೂನೂ ಇಲ್ಲ.
ನನಗದೇ ಭಯ ಆಗಿ
ಊರಿಗೆ ಹೋಗಾನ ನಡೀರಿ ಅಂದೆ.
ಬೋರೇಶ ಎಷ್ಟು ನಕ್ಕ ಅಂತೀಯ.

ಎದ್ರು ಅಂತ ಕಾಣ್ತದೆ, ಕೆಮ್ಮು ಕೇಳ್ತಾ?
ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಲೈಸೆನ್ಸ್ ಹೋಯ್ತು.
ಆದ್ರೂ ಬೀದೀಲಿ ಬಸ್ಸು ಹಾರನ್ ಹೊಡುದ್ರೆ
ಬಲಗಾಲು ಬ್ರೇಕ್ ತುಳೀತದೆ.
ಅಲ್ಲಿ ಸಿಮೆಂಟು ಸವೆದಿರೋದು ಕಾಣ್ತದಾ?
ಅದನ್ನೂ ಬರ್ಕೊ ನಿನ್ನ ಪುಸ್ತಕದಲ್ಲಿ,
ಅದಕ್ಕೆಷ್ಟು ಕಮ್ಮಿ ಮಾಡ್ತೀರೋ ಕೇಳು ಓನರ್ನ.

ಆ ಸಂದೀಗೆ ಈ ಸ್ಟೂಲು ತಂದು ಮಡಗಿದ್ದು ನಾನೆ.
ರಾತ್ರಿ ಟೀವಿ ಹಾಕ್ಕೊಂಡು ಅವರಲ್ಲಿ, ನಾನಿಲ್ಲಿ.
ಬೋರೇಶ ತೀರ್ಕೊಂಡು ಐದು ವರ್ಷ,
ಅವನ ಸೀಟಿಗೆ ಒಗೆದ ಬಟ್ಟೆ ಹಾಕ್ತೀನಿ.
ಧನುರ್ಮಾಸದ ಚಳೀಲಿ ಮಾತ್ರ ಒಂದೊಂದ್ಸಲ
ಕಣ್ಣು ಹತ್ತಿ,
ಸ್ಟೂಲು ತಣ್ಣಗೆ ತಾಗಿ,
ಬೆಚ್ಚಿ ಅವರ ತೋಳು ಹಿಡ್ಕೋತೀನಿ:
ರೀ,
ಗಾಡಿ ಯಾಕೆ ನಿಂತೋಯ್ತು?