ಬೆಂಗ್ರೆಯ ಬಿಸತ್ತಿ

ಮೂವತ್ತೊಂದು ಉಂಟು ನನ್ನಲ್ಲಿ, ಕಪಾಟಿನ ಮೂರು ಖಾನೆಗಳಲ್ಲಿ,
ಹಳೆಯ ಲುಂಗಿಯ ತುಂಡುಗಳಲ್ಲಿ ಸುತ್ತಿ ಮಲಗಿಸಿದ್ದೇನೆ.
ಕಂದಕದ ಕತ್ತಲಲ್ಲಿ ಉಸಿರು ತಾಗುವಷ್ಟು ಹತ್ತಿರ ಬಂದವರಿಗೆಂದು
ಯಾವುದೋ ಊರಿನ ಕಾರ್ಖಾನೆಯಲ್ಲಿ ಪಾಳಿಯ ಲೆಕ್ಕಕ್ಕೆ ಬಡಿದವು.
ಹಿತ್ತಾಳೆ ಹಿಡಿಯದ್ದೊಂದು, ತೊಗಲಿನ ಬಿಲ್ಲೆ ಪೋಣಿಸಿದ್ದೊಂದು,
ಮುರಿದ ಬಯನೆಟ್ಟನ್ನು ಮೊಟಕು ಮಾಡಿ ಮಸೆದದ್ದೊಂದು.

ಇಲ್ಲಿ ನಮಗೆ ಶತ್ರು ಗಾಳಿ, ಮಾರಾಯ್ರೆ.
ಜೂನ್ ಬಂತೆಂದರೆ ಒರೆಗೆ ಬೂಷ್ಟು, ಅಲಗಿಗೆ ಕಂದು ಚುಕ್ಕಿ.
ಆದಿತ್ಯವಾರ ಪೂಜೆ ಮುಗಿಸಿ ಬಂದು
ಹೊಲಿಗೆ ಯಂತ್ರದ ಎಣ್ಣೆ ಹನಿಸಿ ಒಂದೊಂದನ್ನೂ ಒರೆಸುವಾಗ
ಫೆಲ್ಸಿ ಬಾಗಿಲಿಗೆ ಒರಗಿ ಹೇಳುತ್ತಾಳೆ:
"ಸಾಯಿಸಲಿಕ್ಕೆ ಮಾಡಿದ್ದನ್ನು ಬದುಕಿಸಲಿಕ್ಕೆ
ಎಷ್ಟು ಕಷ್ಟ ನಿಮಗೆ!"

ನಾನು ವಿಮೆ ಕಂಪನಿಯ ಸರ್ವೇಯರ್.
ಮುಳುಗಿದ ಬೋಟು, ಗುದ್ದಿದ ಲಾರಿ,
ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಎಂದು ಬರೆಯುವುದು ಕಸುಬು.

ಬಂದರಿನ ಗುಜರಿ ಚೆಯ್ಯಬ್ಬ ಫೋನು ಮಾಡಿದ:
"ಬೆಂಗ್ರೆಯಲ್ಲಿ ಒಬ್ಬರ ಹತ್ರ ಮಿಲ್ಟ್ರಿ ಪೀಸು ಉಂಟು.
ನಾನು ಕೇಳಿದೆ, ಕೊಡ್ಲಿಲ್ಲ.
ನೀವು ಬೂಟು ಹಾಕಿಕೊಂಡು ಹೋಗಿ ನೋಡಿ."

ದೋಣಿ ದಾಟುವಷ್ಟು ಹೊತ್ತೂ ಎದೆ ಹೊಡೆದುಕೊಂಡಿತು,
ಐವತ್ತೆಂಟು ದಾಟಿದವನಿಗೆ. ನಾಚಿಕೆ.

ಅಂಗಳದಲ್ಲಿ ಮಣೆ ಹಾಕಿ ಕೂತಿದ್ದರು ಕಪಿಲಾ ಮೆಂಡನ್.
ಎಡಗೈಯಲ್ಲಿ ಬಂಗುಡೆ, ಬಲಗೈಯಲ್ಲಿ, ದೇವರೇ, ಅದು!
ಎರಡು ಬಾಯಿಯ ಅಲಗು. ಒಂದು ಬಾಯಿ ಸಾಣೆಗೆ ಸವೆದು ಸವೆದು
ಕೊನೆಯ ದಿನದ ಸೋಪಿನ ಹಾಗೆ ತೆಳ್ಳಗೆ.
ಬಾಣದ ಗುರುತು ಅರ್ಧ. ಹಿಡಿಯ ತೊಗಲು ಯಾವಾಗಲೋ ಹೋಗಿ
ಬಲೆಯ ನೈಲಾನು ಹಗ್ಗ ಸುತ್ತಿದ್ದು.
ನನ್ನ ಲೆಕ್ಕದಲ್ಲಿ ಸವಕಳಿ ನೂರಕ್ಕೆ ಎಂಬತ್ತು.

"ಅಪ್ಪ ಬರ್ಮಾದಿಂದ ತಂದದ್ದು. ಹೇಸರಗತ್ತೆ ನೋಡಿಕೊಳ್ಳುವ ಕೆಲಸವಂತೆ.
ನನ್ನ ಮದುವೆಯಾದಾಗ ಕೊಟ್ಟರು, ಗಂಡನ ಮನೆಯ ಬಿಸತ್ತಿ ಹೇಗಿರ್ತದೋ ಅಂತ."

ಸಂಗ್ರಹಿಸುವವರೆಲ್ಲ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ,
ದನಿ ತಗ್ಗಿಸಿ, ಬಾಯಲ್ಲಿ ನೀರೂರಿಸಿಕೊಂಡು:
ಇದರಲ್ಲಿ ಅವರು ಯಾರನ್ನಾದರೂ...?

ಆಕೆ ಕಿವಿರು ಕಿತ್ತು ಬೆಕ್ಕಿಗೆ ಎಸೆದರು.
"ಸಣ್ಣವರಿರುವಾಗ ನಾವೂ ಕೇಳ್ತಿದ್ದೆವು.
ಕೇಳಿದ ಕೂಡ್ಲೆ ಅಪ್ಪ ಅರ್ಧ ಊಟದಲ್ಲಿ ಎದ್ದು ಕೈ ತೊಳೀತಿದ್ರು.
ಮತ್ತೆ ಅಮ್ಮ ಕೇಳ್ಲಿಕ್ಕೆ ಬಿಡ್ಲಿಲ್ಲ, ಅನ್ನ ಹಾಳಾಗ್ತದೆ ಅಂತ."

ಹದಿನೈದು ಸಾವಿರ ಎಂದೆ.
ಇಪ್ಪತ್ತು ಎಂದೆ.
"ಕೊಡುವ, ನನಗೆಂತ. ಆದರೆ ನಾಳೆಯ ಮೀನು ಯಾವುದರಲ್ಲಿ ಕೊಯ್ಯುವುದು?
ಇದರ ಹಾಗೆ ಹೋಗುವಂಥದ್ದು ಒಂದು ತನ್ನಿ."

ಮರುದಿನ ಒಯ್ದೆ ನನ್ನ ಹದಿನೇಳನೆಯದನ್ನು.
ಯುದ್ಧ ಮುಗಿದ ಮೇಲೆ ತಯಾರಾದದ್ದು, ಎಂದೂ ಕೆಲಸಕ್ಕೆ ಹೋಗದ್ದು,
ಕಾರ್ಖಾನೆಯ ಎಣ್ಣೆಕಾಗದವೂ ಜೊತೆಗಿದ್ದದ್ದು.
ಆಕೆ ಹೆಬ್ಬೆರಳಲ್ಲಿ ಸವರಿದರು. ಬಂಗುಡೆಯ ಹೊಟ್ಟೆಗಿಟ್ಟು ಎಳೆದರು.
ಮೀನು ಜಜ್ಜಿತು, ಸೀಳಲಿಲ್ಲ.
"ಇದಕ್ಕೆ ಬಾಯೇ ಇಲ್ಲವಲ್ಲ," ಎಂದು
ಕತ್ತಿಯನ್ನು ಬಿಟ್ಟು ನನ್ನನ್ನು ನೋಡಿದರು.

ಇಪ್ಪತ್ತಾರು ವರ್ಷ ಒರೆಸಿದ್ದೇನೆ,
ಒಂದನ್ನೂ ಒರೆಗೆ ಹಚ್ಚಿರಲಿಲ್ಲ.

ವಾಪಸು ದೋಣಿಯಲ್ಲಿ ತೊಡೆಯ ಮೇಲೆ ಲುಂಗಿಯ ತುಂಡು ಸರಿದು
ಮೊನೆಗೆ ಅಂಟಿದ ಹುರುಪೆಯೊಂದು ಬಿಸಿಲಿಗೆ ಮಿಂಚಿತು.
ಪಕ್ಕದ ಹುಡುಗ ಬಗ್ಗಿ ನೋಡಿ ಕೇಳಿದ:
"ಅಂಕಲ್, ಇದು ನಿಜದ್ದಾ?"

ರಾತ್ರಿ ರಿಜಿಸ್ಟರು ತೆರೆದು ಮೂವತ್ತೆರಡು ಎಂದು ಬರೆದೆ.
ಇಸವಿ: ನಲವತ್ತ... ಕೊನೆಯ ಅಂಕಿ ಮೀನಿಗೆ ಹೋಗಿದೆ.
ಇರುವ ಜಾಗ: ಬೆಂಗ್ರೆ, ಕಪಿಲಕ್ಕನ ಬಲಗೈ.
ಸ್ಥಿತಿ: ಬಳಕೆಯಲ್ಲಿ ಉಂಟು.
ಬೆಲೆ ಖಾಲಿ ಬಿಟ್ಟೆ.

"ಕೈ ತೊಳೆದು ಬನ್ನಿ," ಫೆಲ್ಸಿ ಕೂಗಿದಳು, "ಸಾರು ಆರ್ತದೆ."
ತೊಳೆದೆ. ಇನ್ನೊಮ್ಮೆ ತೊಳೆದೆ.
ಎಣ್ಣೆ ಹೋಯಿತು.
ಮೀನು ಹೋಗಲಿಲ್ಲ.