ಮಂಡಿ

ಜಾರಿದ್ದು ಚಿಪ್ಪಿನ ಮೇಲಲ್ಲ.
ಊರೆಲ್ಲ ಹಾಗಂದುಕೊಂಡಿದೆ, ಅಂದುಕೊಳ್ಳಲಿ.
ನಲವತ್ತು ವರ್ಷ ಕೊಬ್ಬರಿ ಒಡೆದವಳು
ಚಿಪ್ಪು ತುಳಿದು ಬಿದ್ದಳೆಂದರೆ ಕತೆ ಕೇಳಲು ಚೆಂದ.
ನಾನು ಬಿದ್ದದ್ದು ನಗುತ್ತಾ.
ಕೆಂಚಮ್ಮ ತನ್ನ ಬೀಗರ ಗೊರಕೆಯನ್ನು ಅಣಕಿಸುತ್ತಿದ್ದಳು,
ಮಂಡಿಯ ಮೂರನೇ ಮೆಟ್ಟಿಲು ಕಾಲಿಗೆ ಸಿಗಲಿಲ್ಲ.
ಕಲ್ಲಿಗೆ ಮೊದಲು ಈ ಮಂಡಿ, ಆಮೇಲೆ ಟಿಫಿನ್ ಡಬ್ಬಿ.
ನಗು ಇನ್ನೂ ಬಾಯಲ್ಲೇ ಇತ್ತು.

ಸದ್ದಿಗೇ ನನಗೆ ಗೊತ್ತಾಯಿತು.
ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿಯುವ ಮೊದಲೇ ಅಂದೆ:
ಎರಡು ಹೋಳು, ಅಡ್ಡಕ್ಕೆ.
ಹೇಗೆ ಗೊತ್ತಮ್ಮ, ಅಂದರು.
ತಿಪಟೂರಲ್ಲಿದ್ದುಕೊಂಡು ಇದನ್ನ ಕೇಳ್ತೀರಲ್ಲ ಸ್ವಾಮಿ.

ತಂತಿ ಬಿಗಿದರು. ಎಂಟರ ಆಕಾರದಲ್ಲಿ ಅಂತ
ಕಾಗದದ ಮೇಲೆ ಬರೆದೂ ತೋರಿಸಿದರು.
ನಾನು ಕಲಿತ ಎಂಟು ಬೇರೆ,
ಮೂಟೆಯ ಮೇಲೆ ಇದ್ದಿಲಲ್ಲಿ ಗೀಚುವ ೮,
ಒಂದು ಕಡೆ ಬಾಯಿ ತೆರೆದದ್ದು.
ಇವರದ್ದು ಪೂರ್ತಿ ಮುಚ್ಚಿಕೊಂಡ ಎಂಟು.
ಒಳಗಿರುವುದು ಯಾವ ಎಂಟೋ,
ಚಳಿ ಬಿದ್ದ ರಾತ್ರಿ ಮಾತ್ರ
ಲೆಕ್ಕ ತಪ್ಪದೆ ಕಡಿಯುತ್ತದೆ.

ನೋಡಲು ಬಂದವರೆಲ್ಲ ಕಿತ್ತಳೆ ತಂದರು,
ಜೊತೆಗೊಂದು ಮುರಿದ ಕಾಲಿನ ಕತೆ.
ಅರಸೀಕೆರೆಯ ಯಾರೋ ಇನ್ನೂ ಕುಂಟುತ್ತಾರಂತೆ,
ತುರುವೇಕೆರೆಯವರು ಎದ್ದೇ ಇಲ್ಲವಂತೆ.
ಅರವತ್ತಮೂರಕ್ಕೆ ಮೂಳೆ ಕೂಡೋದು ಕಷ್ಟ
ಅನ್ನುತ್ತಾ ಸಿಪ್ಪೆ ಬಿಡಿಸಿ ಅರ್ಧ ತಾವೇ ತಿಂದರು.

ಆರು ವಾರ ಕಾಲು ಒನಕೆ.
ಸೊಸೆ ಪುಟ್ಟತಾಯಿ ಬೇಸಿನ್ ಹಿಡಿದಳು, ತಲೆ ಬಾಚಿದಳು,
ಒಂದು ಮಾತೂ ಆಡಲಿಲ್ಲ; ಆಡಿದ್ದರೆ ಚೆನ್ನಿತ್ತು.
ಅವಳ ಬಾಣಂತನದಲ್ಲಿ ನಾನು ಎಷ್ಟು ಆಡಿದ್ದೆ
ಅನ್ನುವುದು ಇಬ್ಬರಿಗೂ ನೆನಪಿತ್ತು.
ವಾಕರ್ ಬಂದ ದಿನವೇ
ಅದರ ಮೇಲೆ ಒದ್ದೆ ಸೀರೆ ಒಣಹಾಕಿದಳು.
ನಾನು ನೋಡಿದ್ದನ್ನು ಅವಳೂ ನೋಡಿದಳು.
ಇಬ್ಬರೂ ನಕ್ಕೆವು, ಬೇರೆ ಬೇರೆ ಕಡೆ ತಿರುಗಿ.

ಬಗ್ಗಿಸುವ ಕೆಲಸಕ್ಕೆ ತಬಸ್ಸುಮ್ ಎಂಬ ಹುಡುಗಿ,
ಕೈಯಲ್ಲೊಂದು ಪ್ಲಾಸ್ಟಿಕ್ಕಿನ ಕೋನಮಾಪಕ.
ಮೂವತ್ತು. ಮೂವತ್ತೆರಡು. ಮತ್ತೆ ಮೂವತ್ತು.
ಅಜ್ಜೀ, ಅಳಬೇಡಿ, ಬೈಯಿರಿ, ಬೈದರೆ ಬಗ್ಗುತ್ತೆ.
ಬೈದೆ. ನನಗೆ ಬರುತ್ತಿದ್ದುದೆಲ್ಲ ಮುಗಿದು
ಸತ್ತ ಅತ್ತೆಯ ಬೈಗುಳ ಸಾಲ ತಂದೆ.
ಐವತ್ತೈದು.

ಅಟ್ಟದ ಕಾಯಿ ಹನ್ನೊಂದು ತಿಂಗಳು ಕೇಳುತ್ತದೆ.
ಒಳಗಿನ ನೀರು ತಾನಾಗಿ ಬತ್ತಬೇಕು,
ಕೊಬ್ಬರಿ ತಾನಾಗಿ ಗೋಡೆ ಬಿಡಬೇಕು,
ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು.
ಅವಸರಕ್ಕೆ ಹೊಗೆ ಹಾಕಿದ್ದು ಮೂಗಿಗೇ ಗೊತ್ತಾಗುತ್ತದೆ.
ಇದನ್ನೆಲ್ಲ ಹೊಸಬರಿಗೆ ಹೇಳಿಕೊಡುತ್ತಿದ್ದವಳು
ನಾಲ್ಕನೇ ತಿಂಗಳಿಗೇ
ದೇವರ ಗೂಡಿನ ಮುಂದೆ ನಿಂತು ಜಗಳ ತೆಗೆದೆ:
ಮಂಡಿಯೂರದೆ ಬೇಡಿದರೆ ಕೇಳಿಸೋದಿಲ್ಲವಾ ನಿನಗೆ?

ಬುಧವಾರ ಮಂಡಿಗೆ ಹೋದೆ.
ನೆಲಕ್ಕೆ ಕೂರಲಾಗದು, ಸಾಹುಕಾರರು ಸ್ಟೂಲು ತರಿಸಿದರು.
ಎಲ್ಲರ ತಲೆಗಿಂತ ಮೇಲೆ ಕೂತು ನಾಚಿಕೆಯಾಯಿತು;
ಕೆಂಚಮ್ಮನ ಬೈತಲೆ ಇಷ್ಟು ನೆರೆತದ್ದು
ಈವರೆಗೆ ಕಂಡೇ ಇರಲಿಲ್ಲ.
ಮಚ್ಚಿನ ಬೆನ್ನಲ್ಲಿ ತಟ್ಟಿದೆ, ಸುತ್ತ, ಮೂರು ಏಟು.
ಎತ್ತರ ಹೊಸದು, ಕೈ ಹಳೆಯದು:
ಚಿಪ್ಪಿನ ಜೊತೆ ಒಳಗಿನ ಉಂಡೆಯೂ ಹೋಳಾಯಿತು.
ನಲವತ್ತು ವರ್ಷದಲ್ಲಿ ಹಾಗಾದದ್ದು
ಬೆರಳಲ್ಲಿ ಎಣಿಸುವಷ್ಟು.
ಯಾರೂ ಏನೂ ಅನ್ನಲಿಲ್ಲ.
ಕೆಂಚಮ್ಮ ಸೆರಗಿನ ಗಂಟಿಂದ ಬೆಲ್ಲದ ಚೂರು ಬಿಚ್ಚಿದಳು,
ಹಂಚಿಕೊಂಡು ತಿಂದೆವು.
ಸಾಹುಕಾರರು ಲೆಕ್ಕಕ್ಕೆ ಬರೆಯಲಿಲ್ಲ,
ಅಥವಾ ಬರೆದರೋ, ಕಾಣೆ.

ಸಂಜೆ, ಮೂರು ಮೆಟ್ಟಿಲೂ ಹಾಗೇ ಇದ್ದವು.
ತಬಸ್ಸುಮ್ ಬಾಯಿಪಾಠ ಮಾಡಿಸಿದ್ದಾಳೆ:
ಹತ್ತುವಾಗ ಒಳ್ಳೆಯ ಕಾಲು ಮುಂದೆ,
ಇಳಿಯುವಾಗ ಕೆಟ್ಟದ್ದು.
ಕೆಂಚಮ್ಮ ಏನೋ ಹೇಳಲು ಬಾಯಿ ತೆರೆದಳು.
ತಡಿಯೇ, ಈಗ ನಗಿಸಬೇಡ, ಅಂದೆ.
ಕಂಬ ಹಿಡಿದೆ.
ಹೂಂ, ಕೆಟ್ಟ ಕಾಲೇ,
ನೀ ಮೊದಲು.